ರೀಲ್ಸ್ ಕೊನೆಗೆ, ವಾಟ್ಸ್‌ಆ್ಯಪ್ ಮೊದಲಿಗೆ: ಕರಾವಳಿಯ ಸಣ್ಣ ವ್ಯಾಪಾರಿಗಳಿಗೊಂದು ಮಾರ್ಗದರ್ಶಿ

ನಮ್ಮ ಅತ್ತಿಗೆ ಬ್ರಹ್ಮಾವರದ ಮನೆಯಲ್ಲಿ ಹಲಸಿನಕಾಯಿ ಹಪ್ಪಳ ಮಾಡಿ ಮಾರಲು ಹೊರಟ ವರ್ಷ, "ಮೊಬೈಲಿನ ಕೆಲಸವೆಲ್ಲ ನೀವೇ ನೋಡಿಕೊಳ್ಳಿ ಮಾರಾಯ್ರೆ" ಎಂದು ಆ ಭಾಗವನ್ನು ನನಗೆ ಒಪ್ಪಿಸಿದ್ದರು. ಎಲ್ಲರೂ ಮಾಡುವಂತೆ ನಾನೂ ಮೊದಲು ಇನ್‌ಸ್ಟಾಗ್ರಾಮ್ ಖಾತೆ ತೆರೆದು, ಕಾದ ತೆಂಗಿನೆಣ್ಣೆಯಲ್ಲಿ ಹಪ್ಪಳ ಅರಳುವ ಒಂದು ರೀಲ್ ಹಾಕಿದೆ. ಅದು ಹೇಗೋ ಓಡಿ ಲಕ್ಷ ವ್ಯೂಸ್ ದಾಟಿತು, ಮನೆಯವರೆಲ್ಲ ಸಂಭ್ರಮಪಟ್ಟೆವು. ಆದರೆ ಆ ರೀಲಿನಿಂದ ಮಾರಾಟವಾದದ್ದು ಏಳು ಕಟ್ಟು ಹಪ್ಪಳ ಮಾತ್ರ. "ರೇಟ್ ಎಷ್ಟು", "ಎಲ್ಲಿ ಸಿಗುತ್ತದೆ", "ಬೆಂಗಳೂರಿಗೆ ಕಳಿಸ್ತೀರಾ" ಎಂದು ಕೇಳಿದವರಿಗೆ ಆ ಪುಟದಲ್ಲಿ ಬೆಲೆಯೂ ಕಾಣಲಿಲ್ಲ, ಫೋನ್ ನಂಬರೂ ಕಾಣಲಿಲ್ಲ. ಹೇಗೋ ನಂಬರ್ ಹುಡುಕಿ ಕರೆ ಮಾಡಿದ ಕೆಲವರಿಗೆ ಅತ್ತಿಗೆ ಸಿಗಲಿಲ್ಲ, ಏಕೆಂದರೆ ಅವರು ಅಂಗಳದಲ್ಲಿ ಕಾಗೆ ಓಡಿಸುತ್ತ ಹಪ್ಪಳ ಒಣಗಿಸುತ್ತಿದ್ದರು. ಅದೇ ಬೇಸಿಗೆಯಲ್ಲಿ ಪಕ್ಕದ ಮನೆಯವರು ಬರೀ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿಯೇ ತಮ್ಮ ಸರಕನ್ನೆಲ್ಲ ಮಳೆಗಾಲಕ್ಕೆ ಮೊದಲು ಮುಗಿಸಿದ್ದರು.

ಆ ವರ್ಷ ಅರ್ಥವಾದದ್ದು ಇಷ್ಟು: ಸಣ್ಣ ವ್ಯಾಪಾರಕ್ಕೆ ಬೇಕಾದದ್ದು ಲಕ್ಷ ಜನರ ಕಣ್ಣಲ್ಲ, ಕೊಳ್ಳುವ ಮನಸ್ಸಿರುವ ಇನ್ನೂರು ಮುನ್ನೂರು ಜನರಿಗೆ ನಾವು ಸುಲಭವಾಗಿ ಸಿಗುವುದು ಮತ್ತು ಅವರು ಕೇಳಿದಾಗ ಉತ್ತರ ಕೊಡುವುದು. ಆದ್ದರಿಂದ ಸಾಮಾನ್ಯವಾಗಿ ಹೇಳುವ ಕ್ರಮವನ್ನು ಇಲ್ಲಿ ತಿರುಗಿಸಿಟ್ಟಿದ್ದೇನೆ. ಮೊದಲು ಗಲ್ಲಾಪೆಟ್ಟಿಗೆಯ ಜಾಗವನ್ನು, ಎಂದರೆ ವಾಟ್ಸ್‌ಆ್ಯಪನ್ನು ಸರಿಮಾಡಿಕೊಳ್ಳಬೇಕು. ಬಳಿಕ ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಬೋರ್ಡು ಹಾಕಬೇಕು. ಇನ್‌ಸ್ಟಾಗ್ರಾಮ್ ಎಂಬ ಗಾಜಿನ ಷೋಕೇಸು ಅದರ ನಂತರ. ಉಡುಪಿ ಮತ್ತು ದಕ್ಷಿಣ ಕನ್ನಡದ ಮನೆ ಉದ್ಯಮಿಗಳು, ಹೊಲಿಗೆಯವರು, ಬೇಕರಿಯವರು, ಹೂವಿನವರು, ಒಣಮೀನಿನವರು ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹೆಜ್ಜೆ 1: ವಾಟ್ಸ್‌ಆ್ಯಪ್ ಬ್ಯುಸಿನೆಸ್

ವ್ಯಾಪಾರಕ್ಕಾಗಿಯೇ ಇರುವ ವಾಟ್ಸ್‌ಆ್ಯಪ್ ಬ್ಯುಸಿನೆಸ್ ಎಂಬ ಪ್ರತ್ಯೇಕ ಆ್ಯಪ್ 2018ರಿಂದ ಉಚಿತವಾಗಿ ಸಿಗುತ್ತಿದೆ. ಒಂದೇ ನಂಬರನ್ನು ಮಾಮೂಲಿ ವಾಟ್ಸ್‌ಆ್ಯಪ್ ಮತ್ತು ಬ್ಯುಸಿನೆಸ್ ಎರಡರಲ್ಲೂ ಏಕಕಾಲಕ್ಕೆ ಬಳಸಲಾಗುವುದಿಲ್ಲ. ಆದ್ದರಿಂದ ವ್ಯಾಪಾರಕ್ಕೆ ಬೇರೆ ಸಿಮ್ ಇಟ್ಟುಕೊಳ್ಳುವುದು ಒಳ್ಳೆಯದು. ಅಂಗಡಿಯಲ್ಲಿ ಹಳೆಯ ಲ್ಯಾಂಡ್‌ಲೈನ್ ಇನ್ನೂ ಉಳಿದಿದ್ದರೆ ಆ ನಂಬರನ್ನೇ ನೋಂದಾಯಿಸಬಹುದು, ಎಸ್‌ಎಂಎಸ್ ಬದಲು ಕರೆಯ ಮೂಲಕ ಕೋಡ್ ಪಡೆಯುವ ಆಯ್ಕೆ ಅಲ್ಲಿದೆ. ಇಪ್ಪತ್ತು ಮೂವತ್ತು ವರ್ಷಗಳಿಂದ ಊರಿನವರ ಬಾಯಲ್ಲಿರುವ ನಂಬರ್ ಅದು, ಬಿಡಬೇಡಿ.

ಪ್ರೊಫೈಲಿನಲ್ಲಿ ಅಂಗಡಿಯ ಬೋರ್ಡಿನಲ್ಲಿರುವ ಹೆಸರನ್ನೇ ಅಕ್ಷರಶಃ ಬರೆಯಿರಿ. ತೆರೆದಿರುವ ಸಮಯ, ವಾರದ ರಜೆ, ವಿಳಾಸ ಹಾಗೂ ಒಂದೆರಡು ಸಾಲಿನ ವಿವರಣೆ ಸಾಕು. ಅನಂತರ ಕ್ಯಾಟಲಾಗ್ ತುಂಬಿಸಬೇಕು. ಪ್ರತಿ ವಸ್ತುವಿಗೂ ಫೋಟೊ, ತೂಕ ಅಥವಾ ಅಳತೆ, ಬೆಲೆ ಈ ಮೂರೂ ಇರಲೇಬೇಕು. ಬೆಲೆ ಬರೆಯದೆ "ಬೆಲೆಗಾಗಿ ಮೆಸೇಜ್ ಮಾಡಿ" ಎನ್ನುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಕೇಳಿದವರು ಹೇಗೂ ಮಾತಿಗೆ ಸಿಗುತ್ತಾರೆ ಎಂಬುದು ಅದರ ಹಿಂದಿನ ಲೆಕ್ಕ. ನನ್ನ ಅನುಭವದಲ್ಲಿ ಅದು ತಪ್ಪು ಲೆಕ್ಕ. ಅಂಗಡಿಗೆ ಬಂದು ಬೆಲೆ ಕೇಳಿ ಹೊರಟುಹೋಗಲು ಸಂಕೋಚಪಡುವ ನಮ್ಮ ಜನ ಮೊಬೈಲಿನಲ್ಲಿಯೂ ಅಷ್ಟೇ ಸಂಕೋಚದವರು. ಬೆಲೆ ಕಾಣದಿದ್ದರೆ ಕೇಳುವುದಿಲ್ಲ, ಮುಂದಕ್ಕೆ ಹೋಗುತ್ತಾರೆ.

ಉತ್ತರದ ಕೆಲಸ ಹಗುರ ಮಾಡುವ ಮೂರು ಸೌಕರ್ಯಗಳು ಈ ಆ್ಯಪಿನಲ್ಲಿವೆ. ಮೊದಲ ಸಲ ಬರೆದವರಿಗೆ ತಾನಾಗಿ ಹೋಗುವ ಸ್ವಾಗತದ ಸಂದೇಶ, ಅಂಗಡಿ ಮುಚ್ಚಿದ ಹೊತ್ತಿಗೆ ಹೋಗುವ ಸಂದೇಶ, ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಮೊದಲೇ ಬರೆದಿಡುವ ತ್ವರಿತ ಉತ್ತರಗಳು. ಅತ್ತಿಗೆಯ ಫೋನಿನಲ್ಲಿ ಈಗ ಇರುವ ಸ್ವಾಗತ ಸಂದೇಶ ಹೀಗಿದೆ: "ನಮಸ್ಕಾರ. ಹಪ್ಪಳ, ಉಪ್ಪಿನಕಾಯಿಗಳ ಬೆಲೆ ಕ್ಯಾಟಲಾಗಿನಲ್ಲಿದೆ. ಎಷ್ಟು ಬೇಕು, ಯಾವ ಊರಿಗೆ ಬೇಕು ಎಂದು ಬರೆದಿಡಿ. ಮಧ್ಯಾಹ್ನ 2 ಗಂಟೆಗೆ ಮತ್ತು ರಾತ್ರಿ 8 ಗಂಟೆಗೆ ನಾನೇ ಉತ್ತರಿಸುತ್ತೇನೆ." ಉತ್ತರಿಸುವ ಹೊತ್ತನ್ನು ಹೇಳಿಟ್ಟ ಮೇಲೆ ಎಡೆಬಿಡದೆ ಬರುತ್ತಿದ್ದ ಕರೆಗಳು ತಾವಾಗಿ ಕಡಿಮೆಯಾದವು. ಇವುಗಳ ಜೊತೆಗೆ ಲೇಬಲ್‌ಗಳನ್ನೂ ಬಳಸಿ: "ಹಣ ಬಂದಿದೆ", "ಪಾರ್ಸೆಲ್ ಹೋಗಿದೆ", "ಬಾಕಿ" ಎಂದು ಮೂರು ಬಣ್ಣದ ಲೇಬಲ್ ಹಚ್ಚಿಟ್ಟರೆ ಹಬ್ಬದ ವಾರದಲ್ಲಿ ಯಾರದೋ ಸರಕು ಇನ್ಯಾರಿಗೋ ಹೋಗುವುದಿಲ್ಲ.

ಸಂದೇಶ ಹರಡುವ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಬ್ರಾಡ್‌ಕಾಸ್ಟ್ ಪಟ್ಟಿ (ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಒಮ್ಮೆಗೇ ಕಳುಹಿಸುವ ಪಟ್ಟಿ) ಒಂದರಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಸ್ಟೇಟಸ್ ವಿಷಯವೂ ಹಾಗೆಯೇ, ಇಬ್ಬರ ಫೋನಿನಲ್ಲಿಯೂ ಪರಸ್ಪರರ ನಂಬರ್ ಇದ್ದರೆ ಮಾತ್ರ ಕಾಣುತ್ತದೆ. ಹೀಗಾಗಿ ನಂಬರ್ ಉಳಿಸಿಕೊಳ್ಳುವಂತೆ ಗಿರಾಕಿಯನ್ನು ಕೇಳುವುದೇ ನಿಜವಾದ ಪ್ರಚಾರ ಕಾರ್ಯ. ಕಟ್ಟಿನ ಮೇಲಿನ ಚೀಟಿಯಲ್ಲಿ "ಈ ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಸರಕು ಬಂದ ದಿನ ಸ್ಟೇಟಸಿನಲ್ಲಿ ಹಾಕುತ್ತೇವೆ" ಎಂದು ಮುದ್ರಿಸಿ. ಹಣ ಕೊಡುವಾಗ ಸ್ಕ್ಯಾನ್ ಮಾಡುವ ಕ್ಯೂಆರ್ ಪಕ್ಕದಲ್ಲಿ ವಾಟ್ಸ್‌ಆ್ಯಪಿನ ಕ್ಯೂಆರನ್ನೂ ಅಂಟಿಸಿಟ್ಟರೆ ಇನ್ನೂ ಒಳ್ಳೆಯದು.

ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಯಲ್ಲಿ ಮಾಯವಾಗುತ್ತದೆ ಎಂಬುದು ಅದರ ದೋಷವೆಂದು ತೋರಬಹುದು. ದಿನ ಬದಲಾಗುವ ವಸ್ತುವಿಗೆ ಅದೇ ಗುಣ. ಶಂಕರಪುರದ ಮಲ್ಲಿಗೆಯನ್ನು ನೋಡಿ. ಅದರ ದರ ದಿನದಿನಕ್ಕೂ ಏರಿಳಿಯುತ್ತದೆ, ಮದುವೆಯ ಮುಹೂರ್ತ ಹೆಚ್ಚಿರುವ ದಿನ ಅಟ್ಟೆಯ (ಮಲ್ಲಿಗೆ ಮಾರುವ ಅಳತೆ) ಬೆಲೆ ಒಂದು, ಮರುದಿನ ಇನ್ನೊಂದು. ಹೂವಿನ ವ್ಯಾಪಾರಿಯೊಬ್ಬರು ಬೆಳಗ್ಗೆ ದರದ ಒಂದೇ ಸಾಲನ್ನು ಸ್ಟೇಟಸಿನಲ್ಲಿ ಹಾಕಿದರೆ ಗಿರಾಕಿಗಳು ದಿನವೂ ಅದನ್ನು ನೋಡುವ ಅಭ್ಯಾಸಕ್ಕೆ ಬೀಳುತ್ತಾರೆ. ಮೀನಿನವರಿಗೂ ತರಕಾರಿಯವರಿಗೂ ಇದೇ ದಾರಿ.

ಒಂದು ಎಚ್ಚರಿಕೆ. ಊರಿನ ಬ್ರಹ್ಮಕಲಶೋತ್ಸವ ಸಮಿತಿಯ ಗ್ರೂಪು, ಶಾಲೆಯ ಹಳೆ ವಿದ್ಯಾರ್ಥಿಗಳ ಗ್ರೂಪು, ಕುಟುಂಬದ ಗ್ರೂಪು ಇವುಗಳಲ್ಲಿ ಜಾಹೀರಾತು ಹಾಕಬೇಡಿ. ಯಾರೂ ಎದುರಿಗೆ ಬೇಡವೆನ್ನುವುದಿಲ್ಲ. ಆದರೆ ಎಲ್ಲರಿಗೂ ಕಿರಿಕಿರಿಯಾಗುತ್ತದೆ. ಒಪ್ಪಿಗೆಯಿಲ್ಲದೆ ಸಿಕ್ಕಸಿಕ್ಕವರಿಗೆ ಸಂದೇಶ ಕಳುಹಿಸಿ, ಅವರು ಬ್ಲಾಕ್ ಮಾಡಿ ದೂರು ಒತ್ತುತ್ತ ಹೋದರೆ ವಾಟ್ಸ್‌ಆ್ಯಪ್ ನಿಮ್ಮ ನಂಬರನ್ನೇ ನಿಲ್ಲಿಸಿಬಿಡಬಹುದು.

ಹೆಜ್ಜೆ 2: ಗೂಗಲ್ ಮ್ಯಾಪಿನಲ್ಲಿ ಸರಿಯಾದ ಜಾಗ

ಗೂಗಲ್ ಬ್ಯುಸಿನೆಸ್ ಪ್ರೊಫೈಲನ್ನು ಸಾಮಾಜಿಕ ಜಾಲತಾಣವೆಂದು ಕರೆಯಬಹುದೇ ಎಂಬ ಚರ್ಚೆ ಬೇಡ. "ಹತ್ತಿರದ ಟೈಲರ್", "ಮಣಿಪಾಲದಲ್ಲಿ ಕೇಕ್" ಎಂದು ಹುಡುಕುವವರು ಆ ಕ್ಷಣದಲ್ಲಿಯೇ ಕೊಳ್ಳಲು ಹೊರಟವರು. ಇದೂ ಉಚಿತ. ಅಂಗಡಿ ನಿಮ್ಮದೇ ಎಂದು ದೃಢಪಡಿಸಲು ಗೂಗಲ್ ಸಾಮಾನ್ಯವಾಗಿ ಒಂದು ವಿಡಿಯೊ ಕೇಳುತ್ತದೆ. ರಸ್ತೆ, ಬೋರ್ಡು, ಒಳಗಿನ ಕೆಲಸದ ಜಾಗ ಇವನ್ನು ಒಂದೇ ಓಟದಲ್ಲಿ ಚಿತ್ರೀಕರಿಸಿ ಕೊಡಬೇಕಾಗುತ್ತದೆ.

ನಮ್ಮ ಕಡೆಯ ವಿಳಾಸಗಳು ದಾರಿ ಹೇಳುವ ಮಾತಿನಂತಿರುತ್ತವೆ: ದೈವಸ್ಥಾನದ ಎದುರಿನ ಓಣಿ, ಹಳೆಯ ಟಾಕೀಸಿನ ಹಿಂದೆ, ರೈಸ್ ಮಿಲ್ ದಾಟಿ ಎಡಕ್ಕೆ. ಊರಿನವರಿಗೆ ಅದು ಸಾಕು, ಡೆಲಿವರಿ ಹುಡುಗನಿಗೆ ಸಾಲದು. ಆದ್ದರಿಂದ ಪಿನ್ ಬಿದ್ದ ಜಾಗವನ್ನು ನೀವೇ ಅಂಗಡಿಯ ಬಾಗಿಲಲ್ಲಿ ನಿಂತು ಪರೀಕ್ಷಿಸಿ. ಮನೆಯಿಂದ ವ್ಯಾಪಾರ ಮಾಡುವ ಹೆಂಗಸರು ಮನೆಯ ವಿಳಾಸ ಎಲ್ಲರಿಗೂ ಕಾಣುವುದು ಬೇಡವೆಂದರೆ ಅದನ್ನು ಮರೆಮಾಡಿ, ಸೇವೆ ಕೊಡುವ ಊರುಗಳ ಹೆಸರನ್ನಷ್ಟೇ ತೋರಿಸುವ ವ್ಯವಸ್ಥೆಯೂ ಇದೆ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುವ ಅಂಗಡಿಗಳು ನಮ್ಮಲ್ಲಿ ಇನ್ನೂ ಬಹಳ. ಆ ವಿರಾಮವನ್ನೂ ಸಮಯದ ಪಟ್ಟಿಯಲ್ಲಿ ನಮೂದಿಸಬೇಕು. ತೆರೆದಿದೆ ಎಂದು ನಂಬಿ ಬಂದು ಬೀಗ ನೋಡಿ ಹೋದವರು ಎರಡನೆಯ ಸಲ ಬರುವುದಿಲ್ಲ.

ವಿಮರ್ಶೆ ಬರೆಯುವಂತೆ ಗಿರಾಕಿಗಳನ್ನು ಕೇಳುವುದು ತಪ್ಪಲ್ಲ. ಐದು ನಕ್ಷತ್ರ ಕೊಟ್ಟವರಿಗೆ ರಿಯಾಯಿತಿ ಕೊಡುತ್ತೇವೆ ಎನ್ನುವುದು ಮಾತ್ರ ಗೂಗಲ್ ನಿಯಮಕ್ಕೆ ವಿರುದ್ಧ. ಕೆಟ್ಟ ವಿಮರ್ಶೆ ಬಂದಾಗ ವಾದಕ್ಕೆ ಇಳಿಯದೆ, ಏನಾಯಿತು ಮತ್ತು ಏನು ಸರಿಪಡಿಸಿದಿರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ. ಆ ಉತ್ತರವನ್ನು ಓದುವವರು ದೂರಿದವರಲ್ಲ, ಮುಂದೆ ಬರಲಿರುವವರು.

ಹೆಜ್ಜೆ 3: ಫೋಟೊ

ದುಬಾರಿ ಕ್ಯಾಮೆರಾ ಬೇಡ. ಬೆಳಗ್ಗೆ ಒಂಬತ್ತರ ಸುಮಾರಿಗೆ ಜಗಲಿಯಲ್ಲಿ, ನೇರ ಬಿಸಿಲು ಬೀಳದ ಕಡೆ ವಸ್ತುವನ್ನಿಟ್ಟು ತೆಗೆದ ಚಿತ್ರ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬೆಳಕೇ ಇರುವುದಿಲ್ಲ, ಟ್ಯೂಬ್‌ಲೈಟಿನ ಕೆಳಗೆ ಉಪ್ಪಿನಕಾಯಿ ಕಂದು ಬಣ್ಣಕ್ಕೆ ತಿರುಗಿ ಹಳೆಯದರಂತೆ ಕಾಣುತ್ತದೆ. ಮಳೆಗಾಲಕ್ಕೆ ಬೇಕಾಗುವ ಚಿತ್ರಗಳನ್ನು ಮೇ ತಿಂಗಳಲ್ಲಿಯೇ ತೆಗೆದಿಟ್ಟುಕೊಳ್ಳಿ. ಅಳತೆ ತಿಳಿಯಲು ವಸ್ತುವಿನ ಪಕ್ಕ ಕೈಯನ್ನೋ ಊಟದ ಬಟ್ಟಲನ್ನೋ ಇರಿಸಬಹುದು. ಬೇರೆಯವರ ಪುಟದಿಂದ ಚಿತ್ರ ಎತ್ತಬಾರದು ಎಂಬುದನ್ನು ಹೇಳಬೇಕಾಗಿಯೇ ಇರಲಿಲ್ಲ, ಆದರೆ ನಮ್ಮ ಹಪ್ಪಳದ ಚಿತ್ರವನ್ನು ಬೇರೆ ಊರಿನ ಬೇರೆಯವರ ಕ್ಯಾಟಲಾಗಿನಲ್ಲಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಹೆಜ್ಜೆ 4: ಈಗ ಇನ್‌ಸ್ಟಾಗ್ರಾಮ್

ಖಾತೆಯನ್ನು ಬ್ಯುಸಿನೆಸ್ ಖಾತೆಯಾಗಿ ಬದಲಾಯಿಸಿ; ಅದಕ್ಕೆ ಶುಲ್ಕವಿಲ್ಲ, ಯಾವ ಪೋಸ್ಟನ್ನು ಎಷ್ಟು ಜನ ನೋಡಿದರು, ಖಾತೆ ನೋಡುವವರು ಹೆಚ್ಚಾಗಿ ಯಾವ ಊರಿನವರು ಎಂಬ ಲೆಕ್ಕವೂ ಸಿಗುತ್ತದೆ. ಪುಟದ ಮೇಲ್ಭಾಗದ ಕಿರುಪರಿಚಯ, ಎಂದರೆ ಬಯೋದಲ್ಲಿ ಸಿಗುವುದು 150 ಅಕ್ಷರಗಳ ಜಾಗ. ಅದರಲ್ಲಿ ಸುಭಾಷಿತ ಬೇಡ: ಏನು ಮಾರುತ್ತೀರಿ, ಎಲ್ಲಿ, ಹೇಗೆ ಆರ್ಡರ್ ಮಾಡಬೇಕು, ಇಷ್ಟೇ ಇರಲಿ; ಕೆಳಗೆ ವಾಟ್ಸ್‌ಆ್ಯಪಿನ ಕೊಂಡಿ. ಬಯೋದ ಮೇಲಿರುವ ಹೆಸರಿನ ಜಾಗ ಹುಡುಕಾಟದಲ್ಲಿ ಲೆಕ್ಕಕ್ಕೆ ಬರುವುದರಿಂದ ಬರೀ ಅಂಗಡಿಯ ಹೆಸರಿನ ಬದಲು "ಹಲಸಿನ ಹಪ್ಪಳ, ಉಡುಪಿ" ಎಂಬಂಥ ಪದಗಳನ್ನೂ ಸೇರಿಸಿ. ಬೆಲೆಪಟ್ಟಿ, ಪಾರ್ಸೆಲ್ ವಿವರ, ಅಂಗಡಿಗೆ ಬರುವ ದಾರಿ ಈ ಮೂರನ್ನು ಬಯೋದ ಕೆಳಗೆ ಕಾಣುವ ಹೈಲೈಟ್ಸ್‌ನಲ್ಲಿ ಶಾಶ್ವತವಾಗಿ ಇರಿಸಿ. ನಮ್ಮ ಮೊದಲ ರೀಲ್ ಓಡಿದ ದಿನ ಇಷ್ಟಿದ್ದಿದ್ದರೆ ಏಳು ಕಟ್ಟಿನ ಕಥೆ ಬೇರೆಯೇ ಆಗುತ್ತಿತ್ತು.

2020ರ ಜೂನ್ ಕೊನೆಯಲ್ಲಿ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದ ಬೆನ್ನಿಗೇ ಇನ್‌ಸ್ಟಾಗ್ರಾಮ್ ಇಲ್ಲಿ ರೀಲ್ಸ್ ಆರಂಭಿಸಿತು. ಅಂದಿನಿಂದ ಕಿರು ವಿಡಿಯೊಗಳೇ ಅಪರಿಚಿತರನ್ನು ತಲುಪುವ ಮುಖ್ಯ ಸಾಧನ. ಏನನ್ನು ಚಿತ್ರೀಕರಿಸಬೇಕು ಎಂಬುದಕ್ಕೆ ನನ್ನ ಉತ್ತರ: ಮಾಡುವ ಕೆಲಸವನ್ನು. ಹಲಸಿನ ಸೊಳೆ ಬೇಯುವುದು, ಹಿಟ್ಟು ರುಬ್ಬುವುದು, ಉಂಡೆ ಒತ್ತುವುದು, ಚಾಪೆಯ ಮೇಲೆ ಸಾಲಾಗಿ ಹರಡುವುದು. ಹೊಲಿಗೆಯವರು ಹಳೆಯ ಸೀರೆಯನ್ನು ಲಂಗವಾಗಿಸುವ ಹಂತಗಳನ್ನು ತೋರಿಸಬಹುದು. ಗ್ಯಾರೇಜಿನವರು ಮಳೆಗಾಲಕ್ಕೆ ಮೊದಲು ಬೈಕಿನ ಚೈನು, ಬ್ರೇಕು ನೋಡಿಕೊಳ್ಳುವ ವಿಧಾನವನ್ನು ಹೇಳಿಕೊಡಬಹುದು. ಮುಖ ತೋರಿಸಲು ಸಂಕೋಚವಿದ್ದರೆ ಕೈಗಳು ಕಂಡರೆ ಸಾಕು. ಮೊದಲ ಎರಡು ಮೂರು ಸೆಕೆಂಡುಗಳಲ್ಲಿ ವಸ್ತು ಕಾಣಬೇಕು, ಅಂಗಡಿಯ ಲೋಗೊ ಅಲ್ಲ. ಬಸ್ಸಿನಲ್ಲಿ ಕೂತು ಶಬ್ದವಿಲ್ಲದೆ ನೋಡುವವರು ಬಹಳ. ಆದ್ದರಿಂದ ಮಾತನ್ನು ಪರದೆಯ ಮೇಲೆ ಬರೆಯಿರಿ.

ಹಾಡಿನ ವಿಷಯದಲ್ಲಿ ಜಾಗ್ರತೆ ಬೇಕು. ಜನಪ್ರಿಯ ಸಿನಿಮಾ ಹಾಡುಗಳ ಬಳಕೆಗೆ ವೈಯಕ್ತಿಕ ಖಾತೆಗಳಿಗಿರುವ ಅವಕಾಶ ಬ್ಯುಸಿನೆಸ್ ಖಾತೆಗಳಿಗೆ ಪೂರ್ತಿಯಾಗಿ ಇರುವುದಿಲ್ಲ, ಏಕೆಂದರೆ ವ್ಯಾಪಾರಕ್ಕಾಗಿ ಹಾಡು ಬಳಸಲು ಹಕ್ಕುದಾರರ ಅನುಮತಿ ಬೇಕು. ಹೊರಗಿನಿಂದ ಹಾಡು ಸೇರಿಸಿ ಹಾಕಿದರೆ ಧ್ವನಿಯನ್ನೇ ಕತ್ತರಿಸುವ ಸಾಧ್ಯತೆ ಇದೆ. ಎಣ್ಣೆಯ ಚಟಪಟ, ಹೊಲಿಗೆ ಯಂತ್ರದ ಸದ್ದು, ಒರಳಿನ ಗುಡುಗುಡು ಇವು ಯಾರ ಹಕ್ಕೂ ಅಲ್ಲ, ಹಾಡಿಗಿಂತ ಚೆನ್ನಾಗಿ ಕಿವಿಗೆ ಹಿಡಿಯುತ್ತವೆ.

ಭಾಷೆ ಯಾವುದಿರಬೇಕು ಎಂಬುದು ನಮ್ಮ ಜಿಲ್ಲೆಗಳ ವಿಶೇಷ ಪ್ರಶ್ನೆ. ಒಂದೇ ಬೀದಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಕೇಳುತ್ತವೆ. ಕುಂದಾಪುರದ ಕಡೆಗೆ ಹೋದರೆ ಕನ್ನಡದ ಧಾಟಿಯೇ ಬೇರೆ. ಎಲ್ಲರಿಗೂ ತಲುಪಬೇಕೆಂದು ಹರಕು ಇಂಗ್ಲಿಷಿನಲ್ಲಿ ಬರೆಯುವುದು ಸುಲಭದ ದಾರಿಯಂತೆ ತೋರುತ್ತದೆ, ಆದರೆ ಅದು ಯಾರನ್ನೂ ತನ್ನವನೆಂದು ಕರೆಯುವುದಿಲ್ಲ. ನಾನು ಅನುಸರಿಸುವ ಕ್ರಮವೆಂದರೆ, ಅಂಗಡಿಯಲ್ಲಿ ಚೌಕಾಸಿ ಮಾಡುವ ಭಾಷೆಯಲ್ಲಿಯೇ ವಿಡಿಯೊದಲ್ಲಿ ಮಾತಾಡುವುದು, ಬೆಲೆ ಮತ್ತು ವಿವರವನ್ನು ಕನ್ನಡದಲ್ಲಿ ಬರೆಯುವುದು, ಹುಡುಕಾಟಕ್ಕಾಗಿ ವಸ್ತುವಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೂ ಸೇರಿಸುವುದು. ತುಳುವಿನಲ್ಲಿ ಮಾತಾಡಿದ ವಿಡಿಯೊಗೆ ಮುಂಬೈಯಿಂದ, ದುಬೈಯಿಂದ ಬರುವ ಪ್ರತಿಕ್ರಿಯೆಯ ಆಪ್ತತೆಯನ್ನು ನೋಡಿಯೇ ತಿಳಿಯಬೇಕು. ಹೆಸರುಗಳಲ್ಲಿಯೂ ಗಮನವಿರಲಿ: ನಾವು ಗೋಳಿಬಜೆ ಎನ್ನುವುದನ್ನು ಘಟ್ಟದ ಮೇಲಿನವರು ಮಂಗಳೂರು ಬಜ್ಜಿ ಎಂದು ಹುಡುಕುತ್ತಾರೆ, ಪತ್ರೊಡೆಯನ್ನು ಪತ್ರಡೆ ಎಂದು ಬರೆಯುವವರೂ ಇದ್ದಾರೆ. ಎರಡೂ ರೂಪಗಳು ಬರಹದಲ್ಲಿರಲಿ.

ವಾರಕ್ಕೆ ಎರಡು ಪೋಸ್ಟ್ ಸಾಕು, ನಿಲ್ಲಿಸದೆ ಹಾಕುವುದು ಮುಖ್ಯ. ಅದೇ ವಿಡಿಯೊವನ್ನು ಫೇಸ್‌ಬುಕ್ಕಿಗೂ ಒಂದೇ ಒತ್ತಿನಲ್ಲಿ ಕಳುಹಿಸಬಹುದು. ಐವತ್ತು ದಾಟಿದ ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಇರುವುದು ಅಲ್ಲಿಯೇ.

ಹೆಜ್ಜೆ 5: ಊರಿನ ಪಂಚಾಂಗದೊಂದಿಗೆ ನಡೆಯುವುದು

ಪ್ರಚಾರದ ಪುಸ್ತಕಗಳು ದೀಪಾವಳಿ, ಹೊಸ ವರ್ಷ, ಪ್ರೇಮಿಗಳ ದಿನ ಎಂದು ಪಟ್ಟಿ ಕೊಡುತ್ತವೆ. ಕರಾವಳಿಯ ಕ್ಯಾಲೆಂಡರ್ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಒಣಮೀನು, ಸಿಗಡಿ ಚಟ್ನಿಯಂಥವಕ್ಕೆ ಆಗ ಬೇಡಿಕೆ. ಒಣಮೀನಿನವರು ತಮ್ಮ ಸ್ಟೇಟಸನ್ನು ಮೇ ಕೊನೆಯ ವಾರದಲ್ಲಿಯೇ ಆರಂಭಿಸಬೇಕು. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಪತ್ರೊಡೆ ಮತ್ತು ಅರಸಿನ ಎಲೆಯ ಕಡುಬನ್ನು ಜನ ತಾವಾಗಿಯೇ ಕೇಳಿಕೊಂಡು ಬರುತ್ತಾರೆ. ಕೃಷ್ಣಾಷ್ಟಮಿ, ಮರುದಿನದ ಮೊಸರುಕುಡಿಕೆಯಾದ ವಿಟ್ಲಪಿಂಡಿಯ ಹೊತ್ತಿಗೆ ಉಡುಪಿಯಲ್ಲಿ ಉಂಡೆ, ಚಕ್ಕುಲಿ; ಸೆಪ್ಟೆಂಬರ್ 8ರಂದು ಕ್ರೈಸ್ತರು ಆಚರಿಸುವ ಮೊಂತಿ ಹಬ್ಬಕ್ಕೆ ಮಂಗಳೂರಿನ ಕಡೆ ಹೂವು; ನವರಾತ್ರಿಗೆ ಕುದ್ರೋಳಿಯ ದಸರಾ ಜನಸಂದಣಿ; ಡಿಸೆಂಬರಿಗೆ ಕುಸ್ವಾರ್, ಎಂದರೆ ಕ್ರಿಸ್‌ಮಸ್ಸಿನ ತಿಂಡಿಗಳು. ನೆವ್ರಿ, ಕಿಡಿಯೊ, ಗುಳಿಯೊ ಮಾಡುವವರು ನವೆಂಬರ್ ಮಧ್ಯದಲ್ಲಿ ಮುಂಗಡ ಆರ್ಡರ್ ತೆರೆದು ಡಿಸೆಂಬರ್ 15ರ ಸುಮಾರಿಗೆ ಮುಚ್ಚುವುದು ಒಳ್ಳೆಯದು, ಇಲ್ಲವಾದರೆ ಕೊನೆಯ ವಾರ ಮನೆಯವರ ನಿದ್ದೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರಂದು ಬರುವ ಪರ್ಯಾಯದ (ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ) ಹಿಂದುಮುಂದಿನ ದಿನಗಳಲ್ಲಿ ಉಡುಪಿಗೆ ಹೊರಗಿನಿಂದ ಬರುವವರು ಮ್ಯಾಪನ್ನೇ ನಂಬುತ್ತಾರೆ. ರಥಬೀದಿಯ ಸುತ್ತಲಿನವರು ಆ ವಾರದ ಸಮಯವನ್ನು ಗೂಗಲಿನಲ್ಲಿ ತಿದ್ದಲು ಮರೆಯಬಾರದು.

ದೀಪಾವಳಿಯ ನಂತರ ನೇಮ, ಕೋಲ, ಕಂಬಳ, ಯಕ್ಷಗಾನ ಮೇಳಗಳ ತಿರುಗಾಟ ಆರಂಭವಾಗಿ ಮೇ ತಿಂಗಳಲ್ಲಿ ಇವಕ್ಕೆಲ್ಲ ತೆರೆ ಬೀಳುವ ಪತ್ತನಾಜೆಯವರೆಗೆ ನಡೆಯುತ್ತದೆ. ಈ ಏಳು ತಿಂಗಳು ರಾತ್ರಿ ಹೊತ್ತು ಜನ ಮನೆಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತಾರೆಂದು ಭಾವಿಸಬೇಡಿ. ನಿಮ್ಮ ಗಿರಾಕಿಗಳು ಯಾವ ಹೊತ್ತಿಗೆ ನೋಡುತ್ತಾರೆಂಬುದನ್ನು ಖಾತೆಯ ಲೆಕ್ಕವೇ ಹೇಳುತ್ತದೆ, ಅದನ್ನು ನೋಡಿ ಸಮಯ ಆರಿಸಿ.

ಹೆಜ್ಜೆ 6: ಸರಕು ತಲುಪಿಸುವ ಮಾತನ್ನು ಮೊದಲೇ ಹೇಳುವುದು

ಮಂಗಳೂರು, ಉಡುಪಿ, ಕುಂದಾಪುರದ ನಡುವೆ ಓಡುವ ಬಸ್ಸುಗಳಲ್ಲಿ ಪಾರ್ಸೆಲ್ ಕಳುಹಿಸಿ, ಆ ಕಡೆಯವರು ನಿಲ್ದಾಣದಲ್ಲಿ ಇಳಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಹಳೆಯದು, ಕೊರಿಯರಿಗಿಂತ ವೇಗದ್ದು. ಹೀಗೆ ಕಳುಹಿಸಿದಾಗ ಬಸ್ಸಿನ ಹೆಸರು, ಹೊರಟ ಸಮಯ, ನಂಬರ್ ಫಲಕದ ಫೋಟೊ ಮೂರನ್ನೂ ಗಿರಾಕಿಗೆ ವಾಟ್ಸ್‌ಆ್ಯಪ್ ಮಾಡಿ. ದೂರದ ಊರಿಗೆ ಅಂಚೆ ಅಥವಾ ಕೊರಿಯರ್. ಅದರ ಖರ್ಚನ್ನು ಹಪ್ಪಳದ ಬೆಲೆಯೊಳಗೆ ಅಡಗಿಸದೆ ಬೇರೆಯಾಗಿ ತೋರಿಸಬೇಕು. ಪರವೂರಿನ ಮಕ್ಕಳು ಇಲ್ಲಿರುವ ತಾಯಿತಂದೆಗೆ ಕಳುಹಿಸಿಕೊಡುವಂತೆ ಕೇಳುವ ಆರ್ಡರುಗಳು ನಮಗೆ ಗಣನೀಯವಾಗಿ ಬರುತ್ತವೆ. ಅಂಥವರಿಗೆ ಪೊಟ್ಟಣ ಮನೆಗೆ ಮುಟ್ಟಿದ ಒಂದು ಫೋಟೊ ಕಳುಹಿಸಿದರೆ ಮುಂದಿನ ಹಬ್ಬಕ್ಕೆ ಅವರು ತಾವಾಗಿ ಬರೆಯುತ್ತಾರೆ. ತಾಯಿಯ ಚಿತ್ರ ತೆಗೆಯುವ ಮೊದಲು ಅವರನ್ನು ಕೇಳಿ, ಅದನ್ನು ಒಪ್ಪಿಗೆಯಿಲ್ಲದೆ ನಿಮ್ಮ ಪುಟದಲ್ಲಿ ಹಾಕಬೇಡಿ.

ಹೆಜ್ಜೆ 7: ಹಣ ಕೊಟ್ಟು ಜಾಹೀರಾತು

ಮೇಲಿನ ಆರೂ ಸರಿಯಾಗುವವರೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಹಾಕುವಾಗ, ತಾನಾಗಿಯೇ ಚೆನ್ನಾಗಿ ಓಡಿದ ಪೋಸ್ಟನ್ನು ಆರಿಸಿ, ಒತ್ತಿದರೆ ನೇರ ವಾಟ್ಸ್‌ಆ್ಯಪಿಗೆ ಬರುವ ಬಗೆಯ ಜಾಹೀರಾತನ್ನು ಕೊಡಿ. ಸ್ಥಳವನ್ನು "ಕರ್ನಾಟಕ" ಎಂದು ಬಿಡದೆ, ನಕ್ಷೆಯಲ್ಲಿ ಪಿನ್ ಹಾಕಿ ಸುತ್ತಲಿನ ಕಿಲೋಮೀಟರನ್ನು ಗೊತ್ತುಪಡಿಸಿ. ಸುರತ್ಕಲ್ಲಿನ ಕೇಕಿನವರಿಗೆ ಬೆಳಗಾವಿಯ ಲೈಕಿನಿಂದ ಏನೂ ಆಗಬೇಕಿಲ್ಲ. ದಿನಕ್ಕೆ ನೂರು ಇನ್ನೂರು ರೂಪಾಯಿಯಂತೆ ಒಂದು ವಾರ ನೋಡಿ. ಇದರ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಇನ್‌ಫ್ಲುಯೆನ್ಸರ್‌ಗಳಿಗೆ ಹಣವನ್ನೋ ಸರಕನ್ನೋ ಕೊಟ್ಟು ವಿಡಿಯೊ ಮಾಡಿಸುವುದಾದರೆ, ಅದು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಒಪ್ಪುವ ಮೊದಲು ಅವರ ಫಾಲೋವರ್‌ಗಳು ಯಾವ ಊರುಗಳವರು ಎಂಬುದರ ಸ್ಕ್ರೀನ್‌ಶಾಟ್ ಕೇಳಿ. ತೋರಿಸಲು ಹಿಂಜರಿದರೆ ಅಲ್ಲಿಗೇ ಬಿಡಿ. ಒಬ್ಬರಿಗೆ ನಾವು ಕೊಟ್ಟ ಹಣದ ಫಲವಾಗಿ ಬಂದ ವಿಚಾರಣೆಗಳೆಲ್ಲ ಉತ್ತರ ಭಾರತದವು, ಒಂದೂ ಆರ್ಡರ್ ಆಗಲಿಲ್ಲ.

ಹೆಜ್ಜೆ 8: ಕಾಯಿದೆ ಮತ್ತು ಮೋಸ

ತಿನ್ನುವ ವಸ್ತು ಮಾರುವವರು, ಮನೆಯಿಂದಲೇ ಆಗಲಿ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಪಡೆದು 14 ಅಂಕಿಗಳ ಆ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ನಮಗೆ ಇದು ನೆನಪಾದದ್ದು ಕಮೆಂಟಿನಲ್ಲಿ ಯಾರೋ ಕೇಳಿದ ಮೇಲೆ, ನಾಚಿಕೆಯಾಗಿತ್ತು. ಕಟ್ಟಿದ ಪೊಟ್ಟಣಕ್ಕೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು-ವರ್ಷ, ಎಂಆರ್‌ಪಿ ಇರಬೇಕು. ಮಟ್ಟುಗುಳ್ಳ (ಮಟ್ಟು ಊರಿನ ಬದನೆ), ಉಡುಪಿ ಮಲ್ಲಿಗೆ, ಉಡುಪಿ ಸೀರೆ ಇವು ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹೆಸರುಗಳು. ಬೇರೆಡೆಯ ಗುಳ್ಳವನ್ನು ಮಟ್ಟಿನದೆಂದು ಬರೆದು ಮಾರುವುದು ಕಾಯಿದೆಯ ತಪ್ಪು, ಮಟ್ಟಿನ ರೈತರಿಗೆ ಮಾಡುವ ಅನ್ಯಾಯವೂ ಹೌದು. ಎಣ್ಣೆಯೋ ಲೇಹ್ಯವೋ ಮಾರುವವರು ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂಬಂಥ ಮಾತುಗಳಿಗೆ ಕೈಹಾಕಲೇಬಾರದು.

ಮೋಸದ ವಿಧಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ದೊಡ್ಡ ಆರ್ಡರ್ ಕೊಟ್ಟು, ತಾನು ಸೇನೆಯವನೆಂದು ಹೇಳಿ, ಹಣ ಕಳುಹಿಸಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವುದು ಒಂದು. ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಯೇ ಇಲ್ಲ, ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣ. ಪಾವತಿಯ ನಕಲಿ ಸ್ಕ್ರೀನ್‌ಶಾಟ್ ಕಳುಹಿಸಿ ಸರಕು ಕೊಂಡೊಯ್ಯುವುದು ಇನ್ನೊಂದು. ಸ್ಕ್ರೀನ್‌ಶಾಟನ್ನು ನಂಬದೆ ಬ್ಯಾಂಕ್ ಖಾತೆಯಲ್ಲಿ ಹಣ ಬಂದದ್ದನ್ನು ನೋಡಿಯೇ ಪಾರ್ಸೆಲ್ ಕಟ್ಟಿ. ನಿಮ್ಮ ಪುಟ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಮುಚ್ಚುತ್ತದೆ, ಈ ಕೊಂಡಿ ಒತ್ತಿ ಎಂಬ ಸಂದೇಶ ಮೂರನೆಯದು, ಒತ್ತಿದವರ ಖಾತೆಯೇ ಕೈತಪ್ಪುತ್ತದೆ. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಎರಡಕ್ಕೂ ಎರಡು ಹಂತದ ದೃಢೀಕರಣ ಹಾಕಿಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹೆಜ್ಜೆ 9: ಒಂದು ನೋಟ್ ಪುಸ್ತಕ

ಲೈಕುಗಳ ಲೆಕ್ಕ ಮೊಬೈಲ್ ಇಟ್ಟುಕೊಳ್ಳುತ್ತದೆ. ನೀವು ಬರೆದಿಡಬೇಕಾದದ್ದು ಬೇರೆ: ಪ್ರತಿ ಹೊಸ ಗಿರಾಕಿಯನ್ನು "ನಮ್ಮ ವಿಷಯ ಎಲ್ಲಿಂದ ತಿಳಿಯಿತು?" ಎಂದು ಕೇಳಿ, ಸ್ಟೇಟಸ್, ಮ್ಯಾಪ್, ರೀಲ್, ಪರಿಚಿತರು ಎಂಬ ನಾಲ್ಕು ಕಾಲಮ್ಮುಗಳಲ್ಲಿ ಗೆರೆ ಎಳೆಯಿರಿ. ತಿಂಗಳ ಕೊನೆಗೆ ಎಣಿಸಿದರೆ ಮುಂದಿನ ತಿಂಗಳು ಯಾವುದಕ್ಕೆ ಹೊತ್ತು ಕೊಡಬೇಕು ಎಂಬುದು ಕಾಣುತ್ತದೆ. ನಮ್ಮ ಪುಸ್ತಕದಲ್ಲಿ ಪರಿಚಿತರ ಕಾಲಮ್ಮೇ ಇನ್ನೂ ಉದ್ದ, ಎರಡನೆಯದು ಸ್ಟೇಟಸ್, ರೀಲ್ ಕೊನೆಯದು. ಹಾಗೆಂದು ರೀಲ್ ನಿಲ್ಲಿಸಿಲ್ಲ. ಪರಿಚಿತರು ಹೇಳಿದಾಗ ಹೊಸಬರು ಹೋಗಿ ನೋಡುವುದು ಆ ಪುಟವನ್ನೇ.

ಸರಕು ಮುಗಿದಾಗ ಮುಗಿದಿದೆ ಎಂದು ಹೇಳುವುದೂ ಈ ಕೆಲಸದ ಭಾಗವೇ. ಜೂನ್ ಮೊದಲ ವಾರ ಮಳೆ ಹಿಡಿದ ದಿನ ಅತ್ತಿಗೆ ಕ್ಯಾಟಲಾಗಿನಿಂದ ಹಪ್ಪಳವನ್ನು ಮರೆಮಾಡುತ್ತಾರೆ, ಸ್ವಾಗತ ಸಂದೇಶವನ್ನು ಬದಲಾಯಿಸುತ್ತಾರೆ: "ಈ ವರ್ಷದ ಹಪ್ಪಳ ಮುಗಿಯಿತು. ಉಪ್ಪಿನಕಾಯಿ ಇದೆ. ಹಪ್ಪಳ ಬೇಕಿದ್ದವರು ಹೆಸರು ಬರೆದಿಡಿ, ಮುಂದಿನ ಬೇಸಿಗೆಯಲ್ಲಿ ಬಿಸಿಲು ಬಂದ ಮೇಲೆ ಮೊದಲು ನಿಮಗೇ ತಿಳಿಸುತ್ತೇನೆ." ಆ ಹೆಸರುಗಳಿಗೆ ಬೇರೆ ಬಣ್ಣದ ಒಂದು ಲೇಬಲ್ ಇದೆ. ಕಳೆದ ಮಾರ್ಚಿನಲ್ಲಿ ಮೊದಲ ಹಪ್ಪಳ ಒಣಗಿದ ದಿನ ಆ ಲೇಬಲ್ ತೆರೆದು ಒಬ್ಬೊಬ್ಬರಿಗೂ ಬರೆದರು. ರೀಲ್ ಹಾಕುವ ಹೊತ್ತಿಗೆ ಮೊದಲ ವಾರದ ಸರಕು ಮುಗಿದಿತ್ತು.